ಎಸ್‌ಪಿಬಿ ದನಿಯಲ್ಲಿ ಹೊಸ ಹಾಡು

ಬೆಳಿಗ್ಗೆ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಹಾಡು ಬಂತು. ಹೋದ ವರ್ಷದ ಸಿನಿಮಾದ್ದು, ದನಿ ಮಾತ್ರ ಎಸ್‌ಪಿಬಿ ಅವರದು. ಅವರು ಹೋಗಿದ್ದು 2020ರಲ್ಲಿ! ಅಮ್ಮ ಒಗ್ಗರಣೆ ಸೌಟು ಹಿಡಿದೇ ಕೇಳಿದರು. "ದನಿ ಅವರದ್ದೇ ಕಣೋ. ಆದ್ರೆ ಹಾಡ್ತಾ ಹಾಡ್ತಾ ನಗ್ತಿದ್ರಲ್ಲ, ಅದೆಲ್ಲಿ?"

2024ರಲ್ಲಿ ಸಂಗೀತ ನಿರ್ದೇಶಕ ಎ.ಆರ್. ರೆಹಮಾನ್ ಎಐ ಬಳಸಿ, ತೀರಿಕೊಂಡಿದ್ದ ಗಾಯಕರಾದ ಬಂಬಾ ಬಾಕ್ಯ ಮತ್ತು ಶಾಹುಲ್ ಹಮೀದ್ ದನಿಗಳನ್ನು ಮತ್ತೆ ಹಾಡಿಸಿದರು. ಮನೆಯವರನ್ನು ಕೇಳಿದ್ದರು, ಸಂಭಾವನೆಯನ್ನೂ ಕೊಟ್ಟಿದ್ದರು. ಅದೇ ವರ್ಷ ಅರಿಜಿತ್ ಸಿಂಗ್ ತಮ್ಮ ದನಿಯ ನಕಲು ತಡೆಯಲು ಬಾಂಬೆ ಹೈಕೋರ್ಟಿಗೆ ಹೋಗಬೇಕಾಯಿತು. ಬದುಕಿರುವವರಿಗೇ ಈ ಪಾಡು.

ನಮ್ಮ ಗ್ರೂಪಿನ ಹಾಡು ಮಾಡಿದವರು ಯಾರನ್ನು ಕೇಳಿದ್ದರೋ. ಬಯ್ಯೋಣ ಅಂದ್ರೆ, ಸುಮ್ನೆ ಇರಲಾರದೆ ನಾನೂ ಎರಡು ಸಲ ಕೇಳಿದ್ದೆ. ಒಗ್ಗರಣೆ ಸೀದಿತ್ತು, ಅದು ಬೇರೆ.