ಫ್ಯಾನ್ ಜೋರಾಗಿತ್ತು, ಗಾಳಿ ದಾರಿ ತಪ್ಪಿತ್ತು

ಡೇಟಾಬೇಸ್ ಓಡುವ ಸರ್ವರ್ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ನಿಧಾನವಾಯಿತು. ಕೆಲಸದ ಒತ್ತಡ ಎಂದಿನಷ್ಟೇ ಇತ್ತು. ಸರ್ವರ್ ರೂಮಿಗೆ ಹೋದರೆ, ಆ ಒಂದು ಮಷಿನ್ ಮಾತ್ರ ಕಿರುಚುತ್ತಿತ್ತು. ಅದರ ಫ್ಯಾನ್‌ಗಳೆಲ್ಲ ಪೂರ್ತಿ ವೇಗದಲ್ಲಿದ್ದವು.

ಸೆನ್ಸರ್‌ಗಳ ಲೆಕ್ಕ ನೋಡಿದೆವು. ಮೊದಲ ಪ್ರೊಸೆಸರ್ 65 ಡಿಗ್ರಿ ಆಸುಪಾಸು, ಎರಡನೆಯದು 95ರ ಹತ್ತಿರ. ಅಷ್ಟು ಬಿಸಿಯಾದರೆ ಪ್ರೊಸೆಸರ್ ಸುಟ್ಟುಹೋಗದಿರಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ನಿಧಾನಕ್ಕೆ ಕಾರಣ ಸಿಕ್ಕಿತು. ಆದರೆ ಎರಡಕ್ಕೂ ಒಂದೇ ಕೆಲಸ, ಶಾಖ ಹೀರಿ ಗಾಳಿಗೆ ಬಿಡುವ ಒಂದೇ ಥರದ ಹೀಟ್‌ಸಿಂಕ್. ಒಳಗೆ ಬರುವ ಗಾಳಿಯೂ ತಂಪಾಗೇ ಇತ್ತು. ಹಾಗಾದರೆ ಈ 30 ಡಿಗ್ರಿ ಎಲ್ಲಿಂದ ಬಂತು?

"ಪೇಸ್ಟ್ ಒಣಗಿರಬೇಕು ಸಾರ್" ಎಂದ ಜೊತೆಗಿದ್ದ ಹುಡುಗ. ಅವನ ಅನುಮಾನ ಸರಿಯಾದದ್ದೇ. ಪ್ರೊಸೆಸರ್ ಮೈ, ಹೀಟ್‌ಸಿಂಕ್ ತಳ ಎರಡೂ ನುಣುಪಾಗಿ ಕಂಡರೂ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ಅಲ್ಲಿ ಗಾಳಿ ಉಳಿದರೆ ಶಾಖ ದಾಟುವುದೇ ಇಲ್ಲ ಅನ್ನಬಹುದು. ತಾಮ್ರ ಗಾಳಿಗಿಂತ ಹತ್ತು ಸಾವಿರ ಪಟ್ಟಿಗೂ ಜಾಸ್ತಿ ಶಾಖ ಸಾಗಿಸುತ್ತದೆ. ಆ ಸಂದು ತುಂಬಲೆಂದೇ ಪೇಸ್ಟ್ ಹಚ್ಚುವುದು. ಆದರೆ ಹೀಟ್‌ಸಿಂಕ್ ಒಮ್ಮೆ ಎತ್ತಿದರೆ ಹಳೆಯದನ್ನು ಪೂರ್ತಿ ಒರೆಸಿ ಹೊಸದು ಹಾಕಲೇಬೇಕು. ಅದಕ್ಕೇ ಮೊದಲು ಕಣ್ಣಿಗೆ ಕಾಣುವುದನ್ನು ನೋಡೋಣ ಅಂದೆ.

ಸರ್ವರ್ ಆಫ್ ಮಾಡಿ ಮುಚ್ಚಳ ತೆಗೆದೆವು. ಮನೆಯ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಹೀಟ್‌ಸಿಂಕ್ ಜೊತೆಗೇ ಫ್ಯಾನ್ ಇರುತ್ತದೆ. ಚೌಕಟ್ಟಿನಲ್ಲಿ ಒಂದರ ಮೇಲೊಂದು ಜೋಡಿಸುವ ರ‍್ಯಾಕ್ ಸರ್ವರಿನಲ್ಲಿ ಹಾಗಲ್ಲ. ಫ್ಯಾನ್‌ಗಳ ಒಂದು ಸಾಲು ಮುಂದಿನಿಂದ ಗಾಳಿ ಎಳೆದು ಹಿಂದಕ್ಕೆ ತಳ್ಳುತ್ತದೆ. ಹೀಟ್‌ಸಿಂಕ್ ಅಂದರೆ ಬರೀ ಲೋಹದ ತೆಳು ರೆಕ್ಕೆಗಳು. ಗಾಳಿ ಆ ರೆಕ್ಕೆಗಳ ನಡುವೆಯೇ ಹೋಗಲಿ ಅಂತ ಮೇಲೊಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ನಮ್ಮದರಲ್ಲಿ ಆ ಕವರಿನ ಒಂದು ಅಂಚಿನ ಕೆಳಗೆ ಕೇಬಲ್ ಸಿಕ್ಕಿಕೊಂಡಿತ್ತು. ಎರಡನೇ ಪ್ರೊಸೆಸರ್ ಮೇಲೆ ಬೆರಳು ತೂರುವಷ್ಟು ಸಂದು!

ಒತ್ತೊತ್ತಾಗಿರುವ ರೆಕ್ಕೆಗಳು ಗಾಳಿಯನ್ನು ತಡೆಯುತ್ತವೆ, ತೆರೆದ ಸಂದು ತಡೆಯುವುದಿಲ್ಲ. ಗಾಳಿ ಸುಲಭದ ದಾರಿಯನ್ನೇ ಹಿಡಿಯುತ್ತದೆ, ಅಲ್ವಾ? ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಬಹುಪಾಲು ಗಾಳಿ ಅಲ್ಲಿಂದಲೇ ಸುಮ್ನೆ ಹೊರಗೆ ಹೋಗುತ್ತಿತ್ತು.

ಕೇಬಲ್ ಸರಿಸಿ, ಕವರ್ ಕೂರುವ ತನಕ ಒತ್ತಿ, ಮುಚ್ಚಳ ಹಾಕಿದೆವು. ಮುಚ್ಚಳ ತೆಗೆದಿಟ್ಟು ಓಡಿಸಿದರೆ ತಂಪಾಗುತ್ತದೆ ಅಂತ ಕೆಲವರು ನಂಬುತ್ತಾರೆ. ಇಂಥ ಸರ್ವರಿನಲ್ಲಿ ಅದು ಉಲ್ಟಾ, ಗಾಳಿ ಮೇಲಕ್ಕೇ ಹೋಗಿಬಿಡುತ್ತದೆ. ಮತ್ತೆ ಅದೇ ಕೆಲಸ ಕೊಟ್ಟು ನೋಡಿದಾಗ ಎರಡೂ ಪ್ರೊಸೆಸರ್ ಹೆಚ್ಚುಕಮ್ಮಿ ಒಂದೇ ಬಿಸಿಯಲ್ಲಿದ್ದವು. ಪೇಸ್ಟ್ ಮುಟ್ಟಲಿಲ್ಲ.

ಫ್ಯಾನ್‌ಗಳ ವೇಗವೂ ಇಳಿಯಿತು. ಇದು ಬರೀ ಸದ್ದಿನ ಮಾತಲ್ಲ. ಫ್ಯಾನ್ ವೇಗ ಅರ್ಧಕ್ಕೆ ಇಳಿದರೆ ಅದು ತಿನ್ನುವ ಕರೆಂಟ್ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಇಂಥ ಸರ್ವರಿನ ಎತ್ತರವನ್ನು 'ಯು' ಲೆಕ್ಕದಲ್ಲಿ ಹೇಳುತ್ತಾರೆ. ನಮ್ಮದು 2ಯು ಸರ್ವರ್, ಒಳಗೆ ಸ್ವಲ್ಪ ಜಾಗ ಇತ್ತು. 1ಯು ಆಗಿದ್ದರೆ ಎತ್ತರ ಬರೀ 44.45 ಮಿಲಿಮೀಟರ್. ಅದರಲ್ಲಿ ಹಿಡಿಸುವುದು 40 ಮಿಲಿಮೀಟರ್ ಫ್ಯಾನ್. ಅಂಥವು ನಿಮಿಷಕ್ಕೆ 15,000 ಸುತ್ತು ದಾಟುವುದೂ ಉಂಟು. ಅಲ್ಲಿ ಗಾಳಿ ಪೋಲಾದರೆ ಸರಿದೂಗಿಸುವುದು ಇನ್ನೂ ಕಷ್ಟ.

ಆಮೇಲೆ ಉಳಿದ ರ‍್ಯಾಕ್‌ಗಳನ್ನೂ ನೋಡಿದೆವು. ಡಿಸ್ಕ್ ಇಲ್ಲದ ಕೆಲವು ಜಾಗಗಳಲ್ಲಿ ಖಾಲಿ ಜಾಗ ಮುಚ್ಚುವ ಡಮ್ಮಿ ಇರಲಿಲ್ಲ. ಅವು ಅಲಂಕಾರದ ಪ್ಲಾಸ್ಟಿಕ್ ಅಲ್ಲ, ಗಾಳಿಯನ್ನು ಹದ್ದುಬಸ್ತಿನಲ್ಲಿಡುವ ಬಾಗಿಲುಗಳು. ಮೂಲೆಯ ಡಬ್ಬದಲ್ಲಿ ಸಿಕ್ಕಷ್ಟನ್ನು ಆಗಲೇ ಹಾಕಿದೆವು, ಕಡಿಮೆ ಬಿದ್ದವಕ್ಕೆ ಆರ್ಡರ್ ಕೊಟ್ಟೆವು.