ಕಳೆದುಹೋದ ಹನ್ನೊಂದು ದಿನಗಳ ಲೇಖನ: ಜರ್ನಲ್‌ಗೆ ಕಳುಹಿಸುವ ಮುಂಚಿನ ಕೆಲಸದ ದಾಖಲೆ

1752ರ ಸೆಪ್ಟೆಂಬರ್ 2ರ ಬುಧವಾರ ಮುಗಿದ ಮರುದಿನ ಬ್ರಿಟನ್ನಿನಲ್ಲಿ ಸೆಪ್ಟೆಂಬರ್ 14ರ ಗುರುವಾರವಾಗಿತ್ತು. ಹಳೆಯ ಜೂಲಿಯನ್ ಪಂಚಾಂಗವನ್ನು ಬಿಟ್ಟು, ಇಂದು ನಾವು ಬಳಸುವ ಗ್ರೆಗೋರಿಯನ್ ಪಂಚಾಂಗಕ್ಕೆ ಬರುವಾಗ ಆ ದೇಶ ಹನ್ನೊಂದು ತಾರೀಖುಗಳನ್ನು ದಾಟಿ ಮುಂದಕ್ಕೆ ಹೋಯಿತು. ಈ ಬದಲಾವಣೆಯನ್ನು ವ್ಯಾಪಾರಿಗಳೂ ಅವರೊಡನೆ ಪತ್ರವ್ಯವಹಾರ ಇಟ್ಟುಕೊಂಡವರೂ ತಮ್ಮ ಕಾಗದಪತ್ರಗಳಲ್ಲಿ ಹೇಗೆ ನಿಭಾಯಿಸಿದರು ಎಂಬ ಬಗ್ಗೆ ಬಿಡುವಿನ ವೇಳೆಯಲ್ಲಿ ಬಹುಕಾಲದಿಂದ ಕಲೆಹಾಕಿದ ಸಾಮಗ್ರಿ ಈಗ ಒಂದು ಸಂಶೋಧನಾ ಲೇಖನವಾಗಿದೆ. ಅದನ್ನು ಇತಿಹಾಸದ ಜರ್ನಲ್ ಒಂದಕ್ಕೆ ಕಳುಹಿಸಲು ಸಿದ್ಧಪಡಿಸುತ್ತಿದ್ದೇನೆ. ಆ ಸಿದ್ಧತೆ ಎಲ್ಲಿಗೆ ಬಂದಿದೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಪೀಠಿಕೆ

ಮೊದಲು ಕೈಹಾಕಿದ್ದು ಪೀಠಿಕೆಗೆ. ಈ ವಿಷಯವೆಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು, ‘ನಮ್ಮ ಹನ್ನೊಂದು ದಿನಗಳನ್ನು ನಮಗೆ ಕೊಡಿ’ ಎಂದು ಜನ ದಂಗೆ ಎದ್ದರೆಂಬ ಕಥೆ. ಆ ಘೋಷಣೆ ಕಾಣಿಸುವುದು ಕಲಾವಿದ ವಿಲಿಯಂ ಹೋಗಾರ್ತ್‌ನ ಚುನಾವಣಾ ಚಿತ್ರಮಾಲೆಯ ಮೊದಲ ಚಿತ್ರದಲ್ಲಿ, ನೆಲದ ಮೇಲೆ ಬಿದ್ದಿರುವ ಒಂದು ಫಲಕದ ಮೇಲೆ. ಚಿತ್ರದ ವಸ್ತು ಆಕ್ಸ್‌ಫರ್ಡ್‌ಷೈರ್‌ನ 1754ರ ಚುನಾವಣೆ. ಪಂಚಾಂಗ ಸುಧಾರಣೆಗೆ ಬೆಂಬಲವಾಗಿ ನಿಂತ ಲಾರ್ಡ್ ಮ್ಯಾಕಲ್ಸ್‌ಫೀಲ್ಡ್‌ನ ಮಗನೇ ಅಲ್ಲಿ ಅಭ್ಯರ್ಥಿಯಾಗಿದ್ದರಿಂದ ಎದುರು ಪಕ್ಷದವರಿಗೆ ಆ ಮಾತು ಒಳ್ಳೆಯ ಅಸ್ತ್ರವಾಯಿತು. ಬೀದಿಯಲ್ಲಿ ದಂಗೆ ನಡೆದದ್ದಕ್ಕೆ ಸಮಕಾಲೀನ ಪುರಾವೆ ಇಲ್ಲವೆಂದು ಇತಿಹಾಸಕಾರರು ಕಳೆದ ಶತಮಾನದ ಕೊನೆಯ ದಶಕದಲ್ಲೇ ತೋರಿಸಿಕೊಟ್ಟಿದ್ದಾರೆ.

ಆದ್ದರಿಂದ ದಂಗೆಯ ಕಥೆ ಸುಳ್ಳು ಎಂಬುದು ನನ್ನ ಲೇಖನದ ಕೊಡುಗೆಯಾಗಲಾರದು. ಅದು ಆಗಲೇ ಗೊತ್ತಿರುವ ಸಂಗತಿ; ಅದನ್ನು ಪೀಠಿಕೆಯಲ್ಲಿ ಎರಡು ವಾಕ್ಯಗಳಲ್ಲಿ ಹೇಳಿ, ಹಾಗೆ ತೋರಿಸಿಕೊಟ್ಟವರಿಗೆ ಸಲ್ಲಬೇಕಾದ ಮನ್ನಣೆಯನ್ನು ಅಡಿಟಿಪ್ಪಣಿಯಲ್ಲಿ ಸಲ್ಲಿಸಿ, ದಂಗೆ ಇರಲಿಲ್ಲವೆಂದಾದರೆ ಜನ ಮತ್ತೇನು ಮಾಡಿದರು ಎಂಬ ಪ್ರಶ್ನೆಗೆ ಬೇಗ ಬರಬೇಕು. ಸಂಪಾದಕರು ಪೀಠಿಕೆಯಲ್ಲಿ ಮೊದಲು ಹುಡುಕುವುದು, ಇದುವರೆಗಿನ ಚರ್ಚೆಯಲ್ಲಿ ಈ ಲೇಖನ ಎಲ್ಲಿ ನಿಲ್ಲುತ್ತದೆ, ಅದರಿಂದ ಏನು ಬದಲಾಗುತ್ತದೆ ಎಂಬುದನ್ನು. ಅದು ಕಾಣದಿದ್ದರೆ ಲೇಖನ ತಜ್ಞರ ಪರಿಶೀಲನೆಗೆ ಹೋಗದೆ ಸಂಪಾದಕರ ಮೇಜಿನಿಂದಲೇ ಹಿಂತಿರುಗುತ್ತದೆ. ಪೋಪ್ ಹದಿಮೂರನೇ ಗ್ರೆಗರಿ 1582ರ ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಎಣಿಸಲು ಆಜ್ಞಾಪಿಸಿದ ಹಿನ್ನೆಲೆಗೆ ಒಂದು ಇಡೀ ವಿಭಾಗವಿತ್ತು. ಅದನ್ನು ಒಂದೇ ವಾಕ್ಯಕ್ಕೆ ಇಳಿಸಿದ್ದೇನೆ. ಇತಿಹಾಸದ ಜರ್ನಲ್‌ಗಳು ಸಾಮಾನ್ಯವಾಗಿ 8,000ದಿಂದ 12,000 ಪದಗಳ ಆಸುಪಾಸಿನ ಲೇಖನವನ್ನು ಬಯಸುತ್ತವೆ, ಅಡಿಟಿಪ್ಪಣಿಗಳೂ ಆ ಲೆಕ್ಕಕ್ಕೆ ಸೇರುವುದುಂಟು. ಓದುಗರಿಗೆ ಆಗಲೇ ತಿಳಿದಿರುವುದನ್ನು ಹೇಳಲು ಅಷ್ಟು ಜಾಗವನ್ನು ಕೊಡುವಂತಿಲ್ಲ.

ತಾರೀಖುಗಳು

ಹೆಚ್ಚು ಸಮಯ ಹಿಡಿದದ್ದು ಈ ಭಾಗ; ನನಗೆ ಹೆಚ್ಚು ಸಂತೋಷ ಕೊಟ್ಟದ್ದೂ ಇದೇ. ಜರ್ನಲ್‌ನ ಶೈಲಿಗೆ ಹೊಂದಿಸುವುದೆಂದರೆ ಕೊನೆಯ ಒಪ್ಪ ಹಾಕುವ ಕೆಲಸವೆಂದು ಹಲವರು ತಿಳಿಯುತ್ತಾರೆ, ಆದರೆ ವಾದವು ನಿಜವಾಗಿ ಒರೆಗೆ ಹಚ್ಚಿಸಿಕೊಳ್ಳುವುದು ಇಲ್ಲಿಯೇ ಎಂದು ಈ ಲೇಖನದ ಮಟ್ಟಿಗೆ ಖಚಿತವಾಗಿ ಹೇಳಬಲ್ಲೆ.

ಇಂಗ್ಲೆಂಡಿನಲ್ಲಿ ಕಾನೂನಿನ ಪ್ರಕಾರ ಹೊಸ ವರ್ಷ ಆಗ ಆರಂಭವಾಗುತ್ತಿದ್ದುದು ಮಾರ್ಚ್ 25ರಂದು. ಸ್ಕಾಟ್ಲೆಂಡಿನಲ್ಲಿ ಮಾತ್ರ 1600ರಿಂದಲೇ ಜನವರಿ 1ಕ್ಕೆ ವರ್ಷ ಬದಲಾಗುತ್ತಿತ್ತು. ಹೀಗಾಗಿ ಎಡಿನ್‌ಬರೋದಿಂದ ಫೆಬ್ರವರಿಯಲ್ಲಿ ಹೊರಟ ಪತ್ರಕ್ಕೂ ಅದೇ ದಿನ ಲಂಡನ್ನಿನಲ್ಲಿ ಬರೆದ ಪತ್ರಕ್ಕೂ ವರ್ಷದ ಅಂಕಿಯೇ ಬೇರೆಯಾಗಿರಬಹುದು. ಐಸಾಕ್ ನ್ಯೂಟನ್ನನ ಸ್ಮಾರಕದ ಮೇಲೆ ಆತ ತೀರಿಕೊಂಡದ್ದು 1726ರ ಮಾರ್ಚ್ 20 ಎಂದಿದೆ. ಇಂದಿನ ಲೆಕ್ಕದಲ್ಲಿ ಅದು 1727ರ ಮಾರ್ಚ್ 31. ಎರಡೂ ಸರಿ. ಆದರೆ ಒಂದೇ ಲೇಖನದಲ್ಲಿ ಎರಡು ಲೆಕ್ಕಗಳನ್ನು ಹೇಳದೆ ಕೇಳದೆ ಬೆರೆಸಿದರೆ ಓದುಗ ದಾರಿ ತಪ್ಪುತ್ತಾನೆ.

ನನ್ನ ವಾದದ ಕೀಲು ಇರುವುದು 1750–51ರ ಚಳಿಗಾಲದಲ್ಲಿ. ಲಾರ್ಡ್ ಚೆಸ್ಟರ್‌ಫೀಲ್ಡ್ ಪಂಚಾಂಗ ಬದಲಾವಣೆಯ ಮಸೂದೆಯನ್ನು ಮಂಡಿಸಿದ್ದು ಇಂದಿನ ಎಣಿಕೆಯಂತೆ 1751ರ ಫೆಬ್ರವರಿಯಲ್ಲಿ. ಅದಕ್ಕೆ ರಾಜಮುದ್ರೆ ಬಿದ್ದದ್ದು ಮೇ ತಿಂಗಳಲ್ಲಿ. ಆದರೂ ಆ ಕಾಯಿದೆಯನ್ನು 1750ರ ಕಾಯಿದೆ ಎಂದೇ ಉಲ್ಲೇಖಿಸುತ್ತಾರೆ, ಏಕೆಂದರೆ ಪಾರ್ಲಿಮೆಂಟಿನ ಆ ಅಧಿವೇಶನ ಆರಂಭವಾದ ಜನವರಿ ಹಳೆಯ ಲೆಕ್ಕದಲ್ಲಿ 1750ಕ್ಕೇ ಸೇರಿತ್ತು. ಇದೇ ರೀತಿ ‘ಫೆಬ್ರವರಿ 1750’ ಎಂದು ತಲೆಬರಹವಿರುವ ಪತ್ರ, ಬರೆದವರ ರೂಢಿ ಯಾವುದೆಂಬುದರ ಮೇಲೆ, ಮಸೂದೆಗೆ ಒಂದು ವರ್ಷ ಮೊದಲಿನದಾಗಿರಬಹುದು, ಇಲ್ಲವೇ ಮಸೂದೆ ಮಂಡನೆಯಾದ ತಿಂಗಳಿನದೇ ಆಗಿರಬಹುದು. ಯಾರು ಯಾವಾಗ ತಮ್ಮ ರೂಢಿಯನ್ನು ಬದಲಿಸಿಕೊಂಡರು ಎಂದು ವಾದಿಸುವ ಲೇಖನಕ್ಕೆ ಈ ಒಂದು ವರ್ಷದ ಅಂತರ ಎಲ್ಲವನ್ನೂ ನಿರ್ಧರಿಸುತ್ತದೆ.

ಆದ್ದರಿಂದ ಪ್ರತಿಯೊಂದು ಪತ್ರವನ್ನೂ ಒಂದು ಕೋಷ್ಟಕಕ್ಕೆ ಹಾಕಿದೆ. ಮೊದಲ ಅಂಕಣದಲ್ಲಿ ಮೂಲದಲ್ಲಿ ಇರುವ ಹಾಗೆಯೇ ತಾರೀಖು. ಮುಂದಿನವುಗಳಲ್ಲಿ ಹೊಸ ಪದ್ಧತಿಯ ತಾರೀಖು, ವಾರ, ಆ ತೀರ್ಮಾನಕ್ಕೆ ಆಧಾರ. ಎಕ್ಸೆಲ್ 1900ಕ್ಕಿಂತ ಹಿಂದಿನ ತಾರೀಖನ್ನು ತಾರೀಖೆಂದು ಗುರುತಿಸುವುದಿಲ್ಲವಾದ್ದರಿಂದ ದಿನ, ತಿಂಗಳು, ವರ್ಷ ಮೂರನ್ನೂ ಬೇರೆ ಬೇರೆ ಅಂಕಣಗಳಲ್ಲಿ ಇಡಬೇಕಾಯಿತು. 1700ನೇ ವರ್ಷ ಜೂಲಿಯನ್ ಲೆಕ್ಕದಲ್ಲಿ ಅಧಿಕ ವರ್ಷ, ಗ್ರೆಗೋರಿಯನ್ ಲೆಕ್ಕದಲ್ಲಿ ಅಲ್ಲ. ಹಾಗಾಗಿ ಅದಕ್ಕೆ ಮೊದಲು ಹತ್ತು ದಿನವಿದ್ದ ಅಂತರ ಆ ವರ್ಷದ ಫೆಬ್ರವರಿಯ ನಂತರ ಹನ್ನೊಂದಾಗುತ್ತದೆ. ನನ್ನ ಪತ್ರಗಳಲ್ಲಿ ಹಳೆಯವಕ್ಕೆ ಇದನ್ನು ಗಮನಿಸಲೇಬೇಕು.

ಇಲ್ಲಿ ದೊಡ್ಡ ಆಸರೆಯಾದದ್ದು ವಾರ. ತಾರೀಖು ಜಿಗಿದರೂ ವಾರದ ಸರಣಿ ಮುರಿಯಲಿಲ್ಲ. ಬುಧವಾರದ ನಂತರ ಗುರುವಾರವೇ ಬಂದಿತು. ಪತ್ರದಲ್ಲಿ ಎಲ್ಲಾದರೂ ‘ನಿನ್ನೆ ಭಾನುವಾರ’ ಎಂಬಂಥ ಒಂದು ಮಾತಿದ್ದರೆ ಸಾಕು, ಅದರ ಮೇಲಿರುವ ತಾರೀಖು ಯಾವ ಪಂಚಾಂಗದ್ದು, ಯಾವ ವರ್ಷದ್ದು ಎಂದು ಬಹುಮಟ್ಟಿಗೆ ನಿರ್ಧರಿಸಬಹುದು.

ಕೋಷ್ಟಕ ತುಂಬುತ್ತಾ ಹೋದಂತೆ ಲೇಖನದ ಅತ್ಯಂತ ಗಟ್ಟಿಯಾದ ಸಾಕ್ಷ್ಯ ಕಣ್ಣಿಗೆ ಬಿತ್ತು. ಇಂಗ್ಲೆಂಡಿನ ಕಾನೂನಿನ ಲೆಕ್ಕದಲ್ಲಿ 1751ನೇ ವರ್ಷ ಆರಂಭವಾದದ್ದು ಮಾರ್ಚ್ 25ಕ್ಕೆ; ಮುಂದಿನ ವರ್ಷದ ಆರಂಭವನ್ನು ಕಾಯಿದೆ ಜನವರಿ 1ಕ್ಕೆ ತಂದದ್ದರಿಂದ ಅದು ಮುಗಿದದ್ದು ಡಿಸೆಂಬರ್ 31ಕ್ಕೆ. ಅದು ಕೇವಲ 282 ದಿನಗಳ ವರ್ಷ. ಎಂದರೆ ಆ ಲೆಕ್ಕದಲ್ಲಿ 1751ಕ್ಕೆ ಜನವರಿಯೂ ಇಲ್ಲ, ಫೆಬ್ರವರಿಯೂ ಇಲ್ಲ. ಹಾಗಿದ್ದೂ ಇಂಗ್ಲೆಂಡಿನಲ್ಲಿ ಬರೆದ ಒಂದು ಪತ್ರದ ಮೇಲೆ ‘ಫೆಬ್ರವರಿ 1751’ ಎಂದು ಮಾತ್ರ ಇದ್ದರೆ, ಅದನ್ನು ಬರೆದವರು ಕಾನೂನು ಜಾರಿಗೆ ಬರುವ ಮೊದಲೇ ಜನವರಿಯಿಂದ ವರ್ಷ ಎಣಿಸುತ್ತಿದ್ದರೆಂದೇ ಅರ್ಥ. ಅಂಥ ಪತ್ರಗಳು ನನ್ನ ಸಂಗ್ರಹದಲ್ಲಿ ಇವೆ. ಚದುರಿದ್ದ ಅವನ್ನೆಲ್ಲ ಒಟ್ಟಿಗೆ ತಂದು ಲೇಖನದ ಮೂರನೆಯ ವಿಭಾಗವನ್ನು ಅವುಗಳ ಸುತ್ತಲೇ ಹೊಸದಾಗಿ ಕಟ್ಟಿದ್ದೇನೆ. ಬಾಡಿಗೆ, ಸಾಲ, ಬಡ್ಡಿಗಳ ಗಡುವು ಹನ್ನೊಂದು ದಿನ ಮುಂಚಿತವಾಗಿ ಬಾರದಂತೆ ಕಾಯಿದೆಯಲ್ಲೇ ಏರ್ಪಾಡು ಮಾಡಿದ್ದರು ಎಂಬ ಅಂಶವೂ ಈಗ ಅದೇ ವಿಭಾಗಕ್ಕೆ ಬಂದಿದೆ. ಲೆಕ್ಕದ ಪುಸ್ತಕ ಇಡುವವರಿಗೆ ಚಿಂತೆಯಾಗಿದ್ದುದು ಅದೇ.

ಇಷ್ಟಾದ ಮೇಲೆ ಲೇಖನದ ಮೊದಲ ಅಡಿಟಿಪ್ಪಣಿಯಲ್ಲಿ ಒಂದು ನಿಯಮವನ್ನು ಸ್ಪಷ್ಟವಾಗಿ ಬರೆದೆ. ಬ್ರಿಟನ್ನಿನ ಪತ್ರಗಳ ದಿನ ಮತ್ತು ತಿಂಗಳು ಮೂಲದಂತೆ ಹಳೆಯ ಪದ್ಧತಿಯಲ್ಲೇ ಇರುತ್ತವೆ, ವರ್ಷ ಮಾತ್ರ ಜನವರಿ 1ರಿಂದ ಆರಂಭವಾಗುತ್ತದೆಂದು ಭಾವಿಸಲಾಗಿದೆ. 1582ರಿಂದಲೇ ಹೊಸ ಪಂಚಾಂಗ ಬಳಸುತ್ತಿದ್ದ ಫ್ರಾನ್ಸಿನಂಥ ದೇಶಗಳ ಪತ್ರಗಳಿಗೆ ಎರಡೂ ತಾರೀಖುಗಳನ್ನು ಕೊಡಲಾಗಿದೆ. ವರ್ಷವೇ ವಾದದ ವಿಷಯವಾಗಿರುವ ಕಡೆ ಮೂಲದ ರೂಪವನ್ನು ಉದ್ಧರಣ ಚಿಹ್ನೆಯೊಳಗೆ ಇಡಲಾಗಿದೆ.

ಅಡಿಟಿಪ್ಪಣಿಗಳು

ಜರ್ನಲ್ ಕೇಳಿರುವುದು ಶಿಕಾಗೊ ಶೈಲಿ. ಮುದ್ರಿತ ಗ್ರಂಥಗಳ ಮಾಹಿತಿಯನ್ನು ಜೊಟೆರೊ ತಂತ್ರಾಂಶದಲ್ಲಿ ಇಟ್ಟಿರುವುದರಿಂದ ಆ ಕೆಲಸ ಸಲೀಸಾಗಿ ಮುಗಿಯಿತು. ಪತ್ರಾಗಾರದ ಮೂಲಗಳನ್ನು ಮಾತ್ರ ಕೈಯಿಂದಲೇ ಸರಿಪಡಿಸಬೇಕು: ಸಂಸ್ಥೆ, ಸಂಗ್ರಹ, ಸಂಪುಟ, ಹಾಳೆಯ ಸಂಖ್ಯೆ, ಆ ಹಾಳೆಯ ಮುಂಬದಿಯೋ ಹಿಂಬದಿಯೋ ಎಂಬುದು. ಹಿಂದಿನ ವಿದ್ವಾಂಸರು ಪಬ್ಲಿಕ್ ರೆಕಾರ್ಡ್ ಆಫೀಸ್ ಎಂದು ಉಲ್ಲೇಖಿಸಿದ ಕಡತಗಳು 2003ರಿಂದ ನ್ಯಾಷನಲ್ ಆರ್ಕೈವ್ಸ್ ಎಂಬ ಹೆಸರಿನಡಿ ಇವೆ. ಅಂಥ ಕಡೆ ಈಗಿನ ಹೆಸರನ್ನು ಕೊಟ್ಟಿದ್ದೇನೆ. ‘ಅದೇ’ ಎಂಬರ್ಥದ ಲ್ಯಾಟಿನ್ ಸಂಕೇತವನ್ನು ಎಲ್ಲ ಕಡೆ ತೆಗೆದು, ಲೇಖಕರ ಹೆಸರು ಮತ್ತು ಕಿರುಶೀರ್ಷಿಕೆ ಹಾಕಿದ್ದೇನೆ. ಶಿಕಾಗೊ ಕೈಪಿಡಿಯೂ 2017ರ ಆವೃತ್ತಿಯಿಂದ ಇದನ್ನೇ ಶಿಫಾರಸು ಮಾಡುತ್ತದೆ. ಪ್ಯಾರಾಗಳನ್ನು ಹಿಂದೆ ಮುಂದೆ ಸರಿಸುವ ಹಂತದಲ್ಲಿ ಈ ಕ್ರಮ ಎಷ್ಟು ಒಳ್ಳೆಯದೆಂದು ತಿಳಿಯುತ್ತದೆ, ಏಕೆಂದರೆ ‘ಅದೇ’ ಎಂಬುದು ಜಾಗ ಬದಲಾದೊಡನೆ ಬೇರೊಂದು ಗ್ರಂಥವನ್ನು ತೋರಿಸತೊಡಗುತ್ತದೆ.

ಡಿಜಿಟಲೀಕರಿಸಿದ ಹಳೆಯ ವೃತ್ತಪತ್ರಿಕೆಗಳಲ್ಲಿ ಹುಡುಕುವಾಗ ಆ ಕಾಲದ ಉದ್ದನೆಯ ಎಸ್ ಅಕ್ಷರವನ್ನು ಯಂತ್ರ ಎಫ್ ಎಂದು ಓದಿಕೊಳ್ಳುತ್ತದೆ. ಆದ್ದರಿಂದ ಪ್ರತಿ ಹುಡುಕಾಟವನ್ನೂ ಎರಡೂ ಅಕ್ಷರಗಳಿಂದ ನಡೆಸಿ, ಸಿಕ್ಕ ಪ್ರತಿ ಉದ್ಧರಣವನ್ನೂ ಪುಟದ ಚಿತ್ರದೊಂದಿಗೆ ಪದಪದವಾಗಿ ಹೋಲಿಸುತ್ತಿದ್ದೇನೆ. ನಿಧಾನದ ಕೆಲಸವಾದರೂ ಇದನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ.

ಹೆಸರು, ಚಿತ್ರ, ಸಾರಾಂಶ

ಪರಿಶೀಲಕರಿಗೆ ಲೇಖಕರು ಯಾರೆಂದು ಗೊತ್ತಾಗಬಾರದು, ಲೇಖಕರಿಗೂ ಪರಿಶೀಲಕರು ಯಾರೆಂದು ಗೊತ್ತಾಗಬಾರದು ಎಂಬುದು ನಿಯಮ. ಕೃತಜ್ಞತೆಯನ್ನು ಬೇರೆ ಕಡತಕ್ಕೆ ಸರಿಸಿದ್ದೇನೆ; ಕಡತದ ಗುಣಲಕ್ಷಣಗಳಲ್ಲಿಯೂ ಅಂಚಿನ ಟಿಪ್ಪಣಿಗಳಲ್ಲಿಯೂ ಅಡಗಿದ್ದ ಹೆಸರನ್ನು ತೆಗೆದಿದ್ದೇನೆ.

ಹೋಗಾರ್ತ್‌ನ ಚಿತ್ರ ಬೇಕೇ ಎಂಬ ಪ್ರಶ್ನೆಯಿತ್ತು. ಮೂಲ ವರ್ಣಚಿತ್ರ ಲಂಡನ್ನಿನ ಸರ್ ಜಾನ್ ಸೋನ್ ವಸ್ತುಸಂಗ್ರಹಾಲಯದಲ್ಲಿದೆ. ಕಲಾವಿದ 1764ರಲ್ಲೇ ತೀರಿಕೊಂಡಿದ್ದರೂ ಸಂಗ್ರಹಾಲಯ ತೆಗೆಸಿದ ಛಾಯಾಚಿತ್ರದ ಬಳಕೆಗೆ ಪ್ರತ್ಯೇಕ ಅನುಮತಿ ಬೇಕಾಗಬಹುದು. ನನ್ನ ವಾದ ಚಿತ್ರದ ಮೇಲೆ ನಿಂತಿಲ್ಲ, ಆದ್ದರಿಂದ ಅದನ್ನು ಕೈಬಿಟ್ಟೆ. ಅದರ ಬದಲು ಕೋಷ್ಟಕದ ಒಂದು ಭಾಗವನ್ನು ಅನುಬಂಧವಾಗಿ ಸೇರಿಸುತ್ತೇನೆ; ಯಾವ ಪತ್ರಕ್ಕೆ ಯಾವ ಆಧಾರದಿಂದ ತಾರೀಖು ನಿಗದಿಯಾಯಿತೆಂದು ಓದುಗರು ತಾವೇ ಪರೀಕ್ಷಿಸಿ ನೋಡಲಿ.

ಸಾರಾಂಶವನ್ನು ಕೊನೆಗೆ ಉಳಿಸಿಕೊಂಡಿದ್ದೆ. ಮೂರನೆಯ ವಿಭಾಗ ಬದಲಾದ ಮೇಲೆ ಅದನ್ನು ಹೊಸದಾಗಿಯೇ ಬರೆದೆ. ಈಗ ಅದರ ಮೊದಲ ವಾಕ್ಯದಲ್ಲಿ ದಂಗೆಯ ಮಾತಿಲ್ಲ, ಇಲ್ಲದ ಫೆಬ್ರವರಿಯ ಮಾತಿದೆ. ಇನ್ನು ಉಳಿದಿರುವುದು ವೃತ್ತಪತ್ರಿಕೆಯ ಕೆಲವು ಉದ್ಧರಣಗಳ ಹೋಲಿಕೆ, ಅನುಬಂಧದ ಅಂಕಣಗಳಿಗೆ ಶೀರ್ಷಿಕೆ, ಮತ್ತು ಲೇಖನ ಬೇರೆಲ್ಲಿಯೂ ಪರಿಶೀಲನೆಯಲ್ಲಿಲ್ಲವೆಂದು ಸಂಪಾದಕರಿಗೆ ತಿಳಿಸುವ ಪತ್ರ. ಇದಿಷ್ಟು ಮುಗಿದೊಡನೆ ಜರ್ನಲ್‌ನ ಸಲ್ಲಿಕೆ ವ್ಯವಸ್ಥೆಗೆ ಕಡತಗಳನ್ನು ಏರಿಸುತ್ತೇನೆ.