ಕಣ್ಣಿಗೆ ಕಂಡ ಹೊಲ ಫೋಟೋದಲ್ಲಿ ಏಕೆ ಸಪ್ಪೆಯಾಗುತ್ತದೆ?

ನಾನು ಹೊಲಗದ್ದೆಗಳ ಚಿತ್ರ ತೆಗೆಯುತ್ತೇನೆಂದು ತಿಳಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಎದುರಿಗೆ ನಿಂತಾಗ ಅಷ್ಟು ಚೆಲುವಾಗಿದ್ದ ಹೊಲ ಫೋಟೋದಲ್ಲಿ ಬರೀ ಹಸಿರು ಪಟ್ಟಿಯಾಗಿ ಏಕೆ ಮೂಡುತ್ತದೆ? ಕೇಳುವವರಲ್ಲಿ ಹಲವರು, ಇನ್ನೂ ದುಬಾರಿಯ ಕ್ಯಾಮೆರಾ ಕೊಂಡರೆ ಸರಿಹೋದೀತು ಎಂಬ ಉತ್ತರವನ್ನು ಆಗಲೇ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಕ್ಯಾಮೆರಾದ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಹೊಲವೆಂದರೆ ಕೆಲಸ ನಡೆಯುವ ಜಾಗ. ನಾವು ಅದನ್ನು ನೋಟವೆಂದಷ್ಟೇ ಭಾವಿಸಿ ನಿಲ್ಲುತ್ತೇವೆ. ಕೆಲಸದ ಗುರುತು ಚಿತ್ರದಲ್ಲಿ ಸಿಗದೆ ಹೋದರೆ ಉಳಿಯುವುದು ಬಣ್ಣವೊಂದೇ.

ಆ ಗುರುತುಗಳಾದರೂ ಯಾವುವು? ನೇಗಿಲ ಸಾಲು, ಬದು, ನೀರು ಹಾಯಿಸುವ ಕಾಲುವೆ, ಟ್ರ್ಯಾಕ್ಟರ್ ಗಾಲಿಯ ಅಚ್ಚು, ಕಟಾವಾದ ಮೇಲೆ ಉಳಿದ ಕೂಳೆ. ಇವುಗಳಲ್ಲಿ ಹೆಚ್ಚಿನವು ಗೇಣುದ್ದವೂ ಎತ್ತರವಿರುವುದಿಲ್ಲವಾದ್ದರಿಂದ, ನೆರಳು ಬಿದ್ದರೆ ಮಾತ್ರ ದೂರದಿಂದ ಕಾಣುತ್ತವೆ. 20 ಸೆಂಟಿಮೀಟರ್ ಎತ್ತರದ ಬದುವನ್ನೇ ತೆಗೆದುಕೊಳ್ಳಿ. ಸೂರ್ಯ ದಿಗಂತದಿಂದ 60 ಡಿಗ್ರಿ ಮೇಲಿದ್ದಾಗ ಅದರ ನೆರಳು ಸುಮಾರು 12 ಸೆಂಟಿಮೀಟರ್. 10 ಡಿಗ್ರಿಗೆ ಇಳಿದಾಗ ಅದೇ ನೆರಳು ಒಂದು ಮೀಟರನ್ನು ದಾಟುತ್ತದೆ. ಬೆಳಗ್ಗೆ ಮತ್ತು ಸಂಜೆ ಚಿತ್ರ ತೆಗೆಯಿರಿ ಎಂದು ಎಲ್ಲರೂ ಹೇಳುವುದು ಹೊಂಬಣ್ಣದ ಬೆಳಕಿಗಾಗಿ. ನಾನು ಆ ಹೊತ್ತಿಗೆ ಹೋಗುವುದು ನೆರಳಿಗಾಗಿ.

ಆದರೆ ಹೊತ್ತೊಂದೇ ಸಾಲದು. ಬೆಳಕು ಸಾಲುಗಳಿಗೆ ಅಡ್ಡಲಾಗಿ ಬಿದ್ದರೆ ಪ್ರತಿಯೊಂದು ಸಾಲೂ ಎದ್ದು ಕಾಣುತ್ತದೆ. ಸಾಲಿನ ಉದ್ದಕ್ಕೇ ಬಿದ್ದರೆ ಎಷ್ಟೇ ಬೇಗ ಎದ್ದು ಹೋದರೂ ನೆಲ ಚಪ್ಪಟೆಯಾಗಿಯೇ ಉಳಿಯುತ್ತದೆ. ಸೂರ್ಯ ಹುಟ್ಟುವ ಬಿಂದು ವರ್ಷದುದ್ದಕ್ಕೂ ಸರಿಯುತ್ತಿರುವುದರಿಂದ, ಒಂದು ಋತುವಿನಲ್ಲಿ ಸೊಗಸಾಗಿ ಕಂಡ ಹೊಲ ಇನ್ನೊಂದು ಋತುವಿನಲ್ಲಿ ಅದೇ ಗಂಟೆಗೆ ಏನನ್ನೂ ಕೊಡದಿರಬಹುದು. ಹೀಗಾಗಿ ಹೊಸ ಜಾಗಕ್ಕೆ ಹೋದಾಗ ಮೊದಲು ನೋಡಬೇಕಾದದ್ದು ಉಳುಮೆಯ ದಿಕ್ಕು.

ನಿಲ್ಲುವ ಎತ್ತರವೂ ಮುಖ್ಯ. ನಿಂತ ನಿಲುವಿನಲ್ಲಿ ಕಣ್ಣಿನ ಮಟ್ಟದಿಂದ ತೆಗೆದರೆ ದೂರದ ಸಾಲುಗಳೆಲ್ಲ ಒಂದರ ಮೇಲೊಂದು ಒತ್ತಿಕೊಂಡು ತೆಳು ಗೆರೆಯಾಗುತ್ತವೆ. ದಿಬ್ಬವನ್ನೋ ಟ್ರೇಲರನ್ನೋ ಹತ್ತಿದರೆ ಅವು ಬಿಡಿಸಿಕೊಳ್ಳುತ್ತವೆ. ಇಲ್ಲವೇ ಪೈರಿನ ಮಟ್ಟಕ್ಕೆ ಕುಳಿತು, ಹತ್ತಿರದ ನಾಲ್ಕು ತೆನೆಗಳಿಗೇ ಹೊಲದ ಮಾತನ್ನು ಒಪ್ಪಿಸಬಹುದು. ಡ್ರೋನ್ ನೇರ ಮೇಲಿನಿಂದ ತೆಗೆದ ಚಿತ್ರ ಅಂದವಾಗಿರುತ್ತದೆ, ನಿಜ. ಆದರೆ ಅಲ್ಲಿ ಹೊಲ ಸೀರೆಯ ಅಂಚಿನಂತಾಗಿ, ಅದರೊಳಗೆ ಒಬ್ಬರು ದುಡಿಯುತ್ತಿದ್ದಾರೆಂಬುದೇ ಮರೆತುಹೋಗುತ್ತದೆ.

ಹಸಿರಿನ ತಕರಾರು ಬೇರೆ. ಎಲೆಯ ಮೇಲ್ಮೈ ಆಕಾಶದ ಬೆಳಕನ್ನು ಪ್ರತಿಫಲಿಸುವುದರಿಂದ ಹಸಿರು ಬಿಳಚಿದಂತೆ ಕಾಣುತ್ತದೆ. ಲೆನ್ಸಿನ ಮುಂದೆ ಹಾಕಿ ತಿರುಗಿಸುವ ಗಾಜು, ಅಂದರೆ ಪೋಲರೈಸರ್ ಫಿಲ್ಟರ್, ಆ ಹೊಳಪಿನ ಬಹುಪಾಲನ್ನು ತೆಗೆಯಬಲ್ಲದು. ಆದರೆ ನೀರು ನಿಂತ ಗದ್ದೆಯ ಮುಂದೆ ಅದನ್ನು ಹಾಕಿ ತಿರುಗಿಸಿದರೆ ನೀರಿನಲ್ಲಿ ಬಿದ್ದ ಆಕಾಶವೂ ಅಳಿಸಿಹೋಗಿ ಕೆಸರು ಮಾತ್ರ ಉಳಿದೀತು, ಅಲ್ಲಿ ಅದನ್ನು ಬಿಚ್ಚಿಡುವುದೇ ಲೇಸು. ಎಳೆಯ ಪೈರಿಗಾದರೆ ಫಿಲ್ಟರಿಗಿಂತ ಹಿಂಬದಿಯ ಬೆಳಕು ಮೇಲು: ಸೂರ್ಯನಿಗೆ ಎದುರಾಗಿ ನಿಂತರೆ ಎಲೆಯ ಮೂಲಕ ಹಾದುಬರುವ ಹಸಿರು ತಾನಾಗಿಯೇ ಬೆಳಗುತ್ತದೆ.

ಇನ್ನು ಮನುಷ್ಯರು. ಕುಡುಗೋಲು ಹಿಡಿದು ಕೊಯ್ಯುವವರನ್ನು ಹತ್ತಿರದಿಂದ ಗಮನಿಸಿ. ಒಂದು ಕೈ ಹಿಡಿಯಷ್ಟು ತಾಳನ್ನು ಒಟ್ಟುಗೂಡಿಸಿ ತುಸು ಬಾಗಿಸುತ್ತದೆ, ಇನ್ನೊಂದು ಕೈಯ ಕುಡುಗೋಲು ಬುಡಕ್ಕೆ ಬಂದು ತನ್ನತ್ತ ಎಳೆಯುತ್ತದೆ, ಮರುಕ್ಷಣ ಹಿಡಿ ಪಕ್ಕಕ್ಕೆ ಬಿದ್ದಿರುತ್ತದೆ. ತಾಳು ಬಾಗಿ ಇನ್ನೂ ಕತ್ತರಿಸದಿರುವ ಆ ಗಳಿಗೆಯಲ್ಲಿ ಬೆರಳು, ಮಣಿಕಟ್ಟು, ಬೆನ್ನು ಎಲ್ಲವೂ ಬಿಗಿಯಾಗಿರುತ್ತವೆ. ಸೆಕೆಂಡಿನ 1/500 ಭಾಗದ ಶಟರ್ ವೇಗ ಅದನ್ನು ಹಿಡಿಯಲು ಸಾಮಾನ್ಯವಾಗಿ ಸಾಕು. ಕೆಲಸ ನಿಲ್ಲಿಸಿ ನಗುತ್ತಾ ನಿಂತವರ ಚಿತ್ರದಲ್ಲಿ ಆ ಬಿಗಿ ಇರುವುದಿಲ್ಲ.

ಚಿತ್ರಕ್ಕಾಗಿ ದೃಶ್ಯವನ್ನು ಅಣಿಗೊಳಿಸಿದರೆ ತಪ್ಪೇನು ಎಂದು ಮುಂದುವರಿದು ಕೇಳುವವರೂ ಇದ್ದಾರೆ. 1936ರಲ್ಲಿ ಆರ್ಥರ್ ರಾಥ್‌ಸ್ಟೀನ್ ಎಂಬ ಛಾಯಾಗ್ರಾಹಕ, ಅಮೆರಿಕ ಸರ್ಕಾರದ ಪರವಾಗಿ ಬರಗಾಲವನ್ನು ಚಿತ್ರಿಸುತ್ತಾ, ದಕ್ಷಿಣ ಡಕೋಟದಲ್ಲಿ ಸಿಕ್ಕ ದನದ ತಲೆಬುರುಡೆಯನ್ನು ಕೆಲವೇ ಅಡಿ ಆಚೀಚೆ ಸರಿಸಿ ಹಲವು ಚಿತ್ರ ತೆಗೆದರು. ಅದು ಚುನಾವಣೆಯ ವರ್ಷ. ಸರ್ಕಾರದ ವಿರೋಧಿ ಪತ್ರಿಕೆಗಳು ಬರಗಾಲದ ಚಿತ್ರವೇ ನಕಲಿಯೆಂದು ಹುಯಿಲೆಬ್ಬಿಸಿದವು. ಬರ ನಿಜವಾಗಿತ್ತು, ಆದರೂ ವಾದ ಬುರುಡೆಯ ಸುತ್ತಲೇ ತಿರುಗಿತು.

ಹೊಲದಲ್ಲಿ ಅಂಥ ಅಗತ್ಯವೂ ಬೀಳುವುದಿಲ್ಲ. ಅನುಮತಿ ಕೇಳಿ, ಸಸಿಮಡಿ ತುಳಿಯದೆ ಬದುವಿನ ಮೇಲೆ ನಿಂತು ಕಾಯುವ ತಾಳ್ಮೆಯಿದ್ದರೆ, “ಇನ್ನೊಮ್ಮೆ ಹಾಗೇ ಮಾಡಿ” ಎಂದು ಯಾರನ್ನೂ ಕೇಳಬೇಕಾಗಿಲ್ಲ. ಕೈತಪ್ಪಿದ ಭಂಗಿ ಮುಂದಿನ ಹಿಡಿಗೇ ಮತ್ತೆ ಬರುತ್ತದೆ, ಸಾಲು ಮುಗಿಯುವವರೆಗೂ ಬರುತ್ತಲೇ ಇರುತ್ತದೆ.